ಬೈಯುವ ಮುಂಚಿನ ಕೆಮ್ಮು

"ನಿನಗೆ ಬಂದ ಕಾಗದಾನ ಇನ್ನು ಯಾರೂ ಓದಿ ಹೇಳಬೇಕಾಗಿಲ್ಲ ಅಕ್ಕಾ. ನಾನೂ ಓದಲ್ಲ." ಹದಿನೆಂಟು ವರ್ಷಗಳ ಹಿಂದೆ ತಂಗಿ ಕೊಟ್ಟ ಮಾತು ಇದು. ಅಕ್ಕನ ಕಣ್ಣು ಪೂರ್ತಿ ಹೋದ ವರ್ಷ, ಆಗಿನ್ನೂ ಬದುಕಿದ್ದ ಗಂಡ ದೂರದಿಂದ ಬರೆದ ಪತ್ರವನ್ನು ಪಕ್ಕದ ಮನೆಯಾಕೆ ಗಟ್ಟಿಯಾಗಿ ಓದಿ, ನಡುನಡುವೆ ಕಿಸಕ್ಕನೆ ನಕ್ಕು, ಸಂಜೆಯೊಳಗೆ ಬೀದಿಗೆಲ್ಲ ಹಂಚಿಬಿಟ್ಟಿದ್ದಳು. ಆಮೇಲೆ ತಂಗಿ ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಕಾಗದವನ್ನು ಸ್ಕ್ಯಾನರ್‌ನ ಗಾಜಿನ ಮೇಲೆ ಕವುಚಿ ಹಾಕಿದರೆ ಕಂಪ್ಯೂಟರ್ ಓದಿ ಹೇಳುವಂತೆ ಮಾಡಿಕೊಟ್ಟಳು. ಅಕ್ಕ ಅದಕ್ಕೆ ಗಿಣಿ ಎಂದು ಹೆಸರಿಟ್ಟಳು.

ಹೋದ ವಾರ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಮಾರನೆಯ ದಿನವೇ ಅಕ್ಕನ ಮಗಳ ಪತ್ರ ಬರಬೇಕೆ! ಮಗಳು ಮುನಿಸಿಕೊಂಡು ಮನೆಬಿಟ್ಟು ಹೋಗಿ ಮೂರು ತಿಂಗಳಾಗಿತ್ತು. ಅಮ್ಮನ ಗಿಣಿಗೆ ಕೈಬರಹ ತಿಳಿಯದೆಂದು ಆ ಹುಡುಗಿ ಯಾವತ್ತೂ ಟೈಪು ಮಾಡಿಯೇ ಬರೆಯುವವಳು.

ಶನಿವಾರ ಬೆಳಿಗ್ಗೆ ತಂಗಿ ತನ್ನ ಇಬ್ಬರು ಮಕ್ಕಳನ್ನು ಗಂಡನ ಕೊರಳಿಗೆ ಕಟ್ಟಿ, ಹೊಸ ಕಂಪ್ಯೂಟರ್ ಹೊತ್ತು ಬಂದಳು. ತನ್ನ ಬಳಿ ಉಳಿಸಿಟ್ಟಿದ್ದ ಹಳೆಯ ಪ್ರೋಗ್ರಾಂ ಹೊಸದರಲ್ಲಿ ಓಡಬೇಕಾದರೆ ಮತ್ತೊಮ್ಮೆ ಕಂಪೈಲ್ ಮಾಡಬೇಕು, ಅಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಬೇಕು. ಮಾಡಿದಳು. ನೂರಾ ನಲವತ್ತಾರು ತಪ್ಪು!

"ಏನಂತೆ?"

"ಈ ಹೆಸರು ಯಾರದೋ ಗೊತ್ತಿಲ್ಲ, ಆ ಹೆಸರು ಯಾರದೋ ಗೊತ್ತಿಲ್ಲ ಅಂತ ಹಟ ಹಿಡಿದಿದೆ ಅಕ್ಕಾ. ಯಾವ ಹೆಸರಿಗೆ ಏನರ್ಥ ಅಂತ ಹೇಳೋ ಹೆಡರ್ ಫೈಲುಗಳು ಸಿಸ್ಟಮ್‌ನಲ್ಲೇ ಇರ್ತವೆ. ಹೊಸದರಲ್ಲಿ ಏನೋ ಎತ್ತಂಗಡಿ ಆಗಿದೆ."

"ಪರಿಚಯ ಇಲ್ಲದೋರನ್ನ ಒಳಗೆ ಬಿಡಲ್ಲ ಅಂತಿದೆ. ನಿನಗಿಂತ ಅದಕ್ಕೇ ಬುದ್ಧಿ ಜಾಸ್ತಿ."

ತಂಗಿ ಪಟ್ಟಿಯ ಕೊನೆಯಿಂದ ಹಿಡಿದು, ಗೊತ್ತಿಲ್ಲವೆಂದ ಹೆಸರಿಗೆಲ್ಲ ತಾನೇ ಅರ್ಥ ಬರೆಯತೊಡಗಿದಳು. ಒಂದು ಬಾಯಿ ಮುಚ್ಚಿದರೆ ನಾಲ್ಕು ತೆರೆದವು. ಮಧ್ಯಾಹ್ನದ ಹೊತ್ತಿಗೆ ತಪ್ಪುಗಳು ಇನ್ನೂರು ದಾಟಿದವು. ಅಕ್ಕ ಲಕೋಟೆಯ ಅಂಚನ್ನು ಸವರುತ್ತ ಕೂತಿದ್ದಳು.

"ಸಾಕು ಬಿಡೇ. ಸಂಜೆಯೊಳಗೆ ಆಗದಿದ್ರೆ ನೀನೇ ಓದಿಬಿಡು. ಬರ್ತೀನಿ ಅಂದಿದಾಳೋ, ಬರಲ್ಲ ಅಂದಿದಾಳೋ... ಇನ್ನು ತಡ್ಕೊಳ್ಳೋಕಾಗಲ್ಲ."

ತಂಗಿ ಪರದೆಯತ್ತ ತಿರುಗಿದಳು. "ಸಂಜೆ ತನಕ ಟೈಮಿದೆಯಲ್ಲ."

"ಹಾಗಾದ್ರೆ ಆ ತಪ್ಪುಗಳನ್ನಾದ್ರೂ ಓದಿ ಹೇಳು, ಅದಕ್ಕೇನೂ ಆಣೆ ಹಾಕಿಲ್ವಲ್ಲ. ಮೊದಲಿನಿಂದ ಓದು. ಕಣ್ಣಿದ್ದೋರು ನೀವು ಎಲ್ಲಿಂದ ಬೇಕಾದ್ರೂ ಶುರು ಮಾಡ್ತೀರ. ನನಗೆ ಮೊದಲಿನಿಂದ ಕೇಳಿದ್ರೇನೇ ತಲೆಗೆ ಹೋಗೋದು."

ಬೆಳಿಗ್ಗೆಯಿಂದ ಬರೆದದ್ದನ್ನೆಲ್ಲ ಅಳಿಸಿ ತಂಗಿ ಓದಿದಳು. "ನಲವತ್ತೊಂದನೇ ಸಾಲು, ಈ ಹೆಸರು ಗೊತ್ತಿಲ್ಲ..."

"ಅದಕ್ಕೆ ಮುಂಚೆ?"

"ಮುಂಚೆ ಏನೂ ಇಲ್ಲ. ಇದೇ ಮೊದಲು."

"ಏಕಾಏಕಿ ಬೈಗುಳನಾ? ನಮ್ಮಮ್ಮ ಕೂಡ ಬೈಯೋಕೆ ಮುಂಚೆ ಒಂದ್ಸಲ ಕೆಮ್ಮೋಳಲ್ಲೇ!"

ತಂಗಿಯ ಕೈ ನಿಂತಿತು. ಕಂಪೈಲರ್ ಕೂಡ ಕೆಮ್ಮುತ್ತದೆ. ಅದಕ್ಕೆ ಎಚ್ಚರಿಕೆ ಎನ್ನುತ್ತಾರೆ. ವರ್ಷಗಳ ಹಿಂದೆ, ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಕೆಲಸ ಮಾಡುವಾಗ ಆ ಎಚ್ಚರಿಕೆಗಳ ಕಿರಿಕಿರಿ ತಾಳಲಾರದೆ, ಕಂಪೈಲ್ ಮಾಡುವ ಆಜ್ಞೆಗೆ ಒಂದಕ್ಷರ ಅಂಟಿಸಿ ಅದರ ಬಾಯಿ ಕಟ್ಟಿದ್ದವಳು ಅವಳೇ. ಆ ಅಕ್ಷರ ಕಿತ್ತು ಮತ್ತೆ ಓಡಿಸಿದಳು. ಎಲ್ಲಕ್ಕಿಂತ ಮೇಲೆ ಹೊಸದೊಂದು ಸಾಲು: ಈ ಹೆಸರುಗಳು ಈಗ ಬೇರೊಂದು ಹೆಡರ್‌ನಲ್ಲಿವೆ, ಅದನ್ನು ಸೇರಿಸಿಕೊಳ್ಳಿ. ಯಾವ ಹೆಡರ್ ಎಂದೂ ಹೇಳಿತ್ತು.

ಅದೊಂದು ಸಾಲು ಸೇರಿಸಿದಳು. ನೂರಾ ನಲವತ್ತಾರೂ ಹೇಳಹೆಸರಿಲ್ಲದೆ ಹೋದವು.

"ಆ ಹೆಸರುಗಳನ್ನ ಎತ್ತಂಗಡಿ ಮಾಡಿದೋರು, ಮನೆ ಖಾಲಿ ಮಾಡೋರ ಹಾಗೆ, ಬಾಗಿಲ ಮೇಲೆ ಹೊಸ ವಿಳಾಸ ಬರೆದಿಟ್ಟು ಹೋಗಿದಾರೆ ಅಕ್ಕಾ. ಯಾವ ಪುಣ್ಯಾತ್ಮರೋ. ನಾನೇ ಅದರ ಮೇಲೆ ಬಟ್ಟೆ ಮುಚ್ಚಿದ್ದೆ."

"ಅವರ ಹೊಟ್ಟೆ ತಣ್ಣಗಿರಲಿ. ನಿನ್ನ ಹೊಟ್ಟೇನೂ."

"ಕೆಮ್ಮಿದ್ದು ನೀನು. ನಿನ್ನ ಹೊಟ್ಟೆ ಮೊದಲು."

ಅಕ್ಕ ಲಕೋಟೆ ಹರಿದು ಕಾಗದವನ್ನು ಗಾಜಿನ ಮೇಲಿಟ್ಟಳು. "ಖಾಲಿ ಹಾಳೆ" ಎಂದಿತು ಗಿಣಿ. ಇಬ್ಬರೂ ನಕ್ಕರು. ಅಕ್ಕ ಹಾಳೆಯನ್ನು ಮಗುಚುವ ಮೊದಲೇ ತಂಗಿ ಹೊರಗೆ ಬಂದು ಬಾಗಿಲೆಳೆದುಕೊಂಡು, ಮೆಟ್ಟಿಲ ಮೇಲೆ ಕೂತಳು. ಒಳಗೆ ಗಿಣಿಯ ಗುಣುಗುಣು ಕೇಳಿ ನಿಂತಿತು.

ಬಾಗಿಲು ತೆರೆಯಿತು. ಅಕ್ಕನ ಮುಖವೆಲ್ಲ ಒದ್ದೆ.

"ಅವಳ ಮಂಚಕ್ಕೆ ಒಗೆದ ಚಾದರ ಹಾಸಬೇಕು. ಬಾರೇ, ಒಂದು ಕೈ ಹಿಡಿ."

ಆ ಪತ್ರದ ಒಂದಕ್ಷರವನ್ನೂ ತಂಗಿ ಓದಲಿಲ್ಲ. ಕೊಟ್ಟ ಮಾತು ಉಳಿಯಿತು.