ಗೋಡೆಯ ಒಳಗಿನ ದೇವದೂತ

ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು. ಹೀಗೆ ಶುರು ಮಾಡಬಹುದೇ ಓದುಗರೇ? ಮೊದಲ ಡ್ರಾಫ್ಟಿನಲ್ಲಿ ದೇವದೂತನಿಗೆ ರೆಕ್ಕೆ ಹಚ್ಚಿದ್ದೆ. ಕಾಪುವಿನ ಕಡಲಗಾಳಿಗೆ ನಿಲ್ಲಲಿಲ್ಲ. ಹರಿದು ಹಾಕಿದೆ.

೧

ಇಸವಿ ೧೯೫೬. ಲಿಯೋನೆಲ್ ಉಡುಪಿಯಲ್ಲಿ ಬಿ.ಎ. ಓದುತ್ತಿದ್ದ. (ಓದಿದ್ದು ಕಡಿಮೆ.) ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಕೂಗು, ಚರ್ಚಿನಲ್ಲಿ ಫಾದರರ ಪ್ರಸಂಗದ ಎಳೆತ, ಎಲ್ಲವನ್ನೂ ಗಂಟಲಿನಿಂದ ತೆಗೆಯುತ್ತಿದ್ದ.

"ದೇವದೂತನದ್ದು ತೆಗೆ ನೋಡುವ" ಎಂದ ಗೆಳೆಯ ಡೆನಿಸ್.

೨

(ಇಲ್ಲಿ ನಗು ಇಲ್ಲ. ಬೇಡದವರು ಮೂರಕ್ಕೆ ಹಾರಿ.)

ಅದಕ್ಕೂ ಆರು ವರ್ಷದ ಹಿಂದೆ, ಲಿಯೋನೆಲನ ಊರು ಕಾಪುವಿನಲ್ಲಿ, ಮ್ಯಾಗ್ಡಲಿನ್ ಎಂಬವಳು ಹೆತ್ತ ಕೂಸು ಅರೆಗಳಿಗೆಯೂ ಉಳಿಯಲಿಲ್ಲ. ಜ್ಞಾನಸ್ನಾನ ಆಗದೆ ಸತ್ತರೆ ಸ್ವರ್ಗವಿಲ್ಲ; ಅಂಥ ಹೊತ್ತಿನಲ್ಲಿ ಅದನ್ನು ಯಾರು ಬೇಕಾದರೂ ಕೊಡಬಹುದು. ಸೂಲಗಿತ್ತಿ ಅಕ್ಕು ಹಿಂದೂ ಹೆಂಗಸು; ಆದರೂ ಕ್ರೈಸ್ತರ ಮನೆಗಳಲ್ಲಿ ಕಲಿತಿದ್ದ ಮಾತು ಹೇಳಿ ನೆತ್ತಿಗೆ ನೀರು ಹಾಕಿದಳು.

"ನೀರು ಹಾಕುವಾಗ ಜೀವ ಇತ್ತಾ?" ಎಂದು ಫಾದರ್ ಕೇಳಿದರು.

"ಸರಿ ಗೊತ್ತಾಗಲಿಲ್ಲ ಸ್ವಾಮಿ."

ಇತ್ತು ಎಂದು ಸುಳ್ಳು ಹೇಳಿದ್ದರೆ ಕೂಸು ಸ್ವರ್ಗದಲ್ಲಿ, ದೇವದೂತರ ಸಾಲಿನಲ್ಲಿ. ಅಕ್ಕು ನಿಜ ಹೇಳಿದಳು. ಸ್ವರ್ಗವೂ ನರಕವೂ ಅಲ್ಲದ ಎಡೆಗೆ ಹೋದದ್ದೆಂದು ಕೂಸನ್ನು ಚರ್ಚಿನವರ ಸ್ಮಶಾನವಾದ ಸಿಮಿತ್ರಿಯ ಗೋಡೆಯ ಹೊರಗೆ ಹೂತರು.

೩

ನವೆಂಬರ್ ಎರಡು, ಸತ್ತವರಿಗಾಗಿ ಪ್ರಾರ್ಥಿಸುವ ದಿನ. ಊರೆಲ್ಲ ಗೋಡೆಯ ಒಳಗೆ ಮೇಣದ ಬತ್ತಿ ಹಚ್ಚಿ ಹೋದ ಮೇಲೆ ಮ್ಯಾಗ್ಡಲಿನ್ ಹೊರಗೊಂದು ಹಚ್ಚಿದಳು. ಒಳಬದಿಯಲ್ಲಿ ಡೆನಿಸನೊಟ್ಟಿಗೆ ಅಡಗಿ ಕುಕ್ಕರಗಾಲಲ್ಲಿ ಕೂತಿದ್ದ ಲಿಯೋನೆಲ್ ಬಿಷಪರ ಗಾಂಭೀರ್ಯಕ್ಕೆ ಸ್ವಲ್ಪ ರೇಡಿಯೋದ ದನಿ ಬೆರೆಸಿದ. (ಮಾತು ಕೊಂಕಣಿಯದ್ದು, ಕನ್ನಡ ನನ್ನದು.)

"ಮ್ಯಾಗ್ಡಲಿನ್, ಅಳಬೇಡ. ನಿನ್ನ ಕೂಸು ನಮ್ಮೊಟ್ಟಿಗೆ ಉಂಟು."

ಡೆನಿಸ್ ಬಾಯಿಗೆ ಕರ್ಚೀಫು ತುರುಕಿಕೊಂಡ. ಆಚೆ ಮೊಣಕಾಲು ಊರಿದ ಸದ್ದು.

"ಸ್ವರ್ಗದಲ್ಲಾ?"

ಆ ಸ್ವರ ಕೇಳಿ ಲಿಯೋನೆಲ್ ಡೆನಿಸನ ಮುಖ ನೋಡಿದ. ಇಲ್ಲಿಗೆ ನಿಲ್ಲಿಸಬಹುದಿತ್ತು. (ನಾನೂ ನಿಲ್ಲಿಸಲು ನೋಡಿದೆ. ಚಂದದ ಕಥೆ ಆಗುತ್ತಿತ್ತು.) ಡೆನಿಸ್ ತಿವಿದ.

"ಸ್ವರ್ಗದಲ್ಲೇ. ನಿನ್ನದೇ ಮೂಗು. ದಿನಾ ನಿನ್ನನ್ನು ಕೇಳ್ತಾನೆ, ನಿನ್ನ ಮಗ."



"ಮಗನಾ?" ಎಂದಳು ಮ್ಯಾಗ್ಡಲಿನ್. "ಹೆಣ್ಣು ಮಾರಾಯ ಅದು."

೪

ಅಂತ್ಯ ಒಂದು: ಲಿಯೋನೆಲ್ ಗೋಡೆ ಹಾರಿ ಅವಳ ಕಾಲಿಗೆ ಬಿದ್ದ. (ಬೀಳಲಿಲ್ಲ. ನಾನೇ ದೂಡಿ ನೋಡಿದೆ.)

ಅಂತ್ಯ ಎರಡು: ಫಾದರ್ ಮನಸ್ಸು ಕರಗಿ ಗೋಡೆ ಒಡೆಸಿದರು. ಇದನ್ನು ಮ್ಯಾಗ್ಡಲಿನಳಿಗೇ ಓದಿ ಹೇಳಿದೆ. "ನೀನೂ ಅಡಗಿ ಕೂತು ಮಾತಾಡುವವನೇ ಅಲ್ವಾ? ಬಿಡು" ಎಂದಳು. ಬಿಟ್ಟೆ.

ಅಂತ್ಯ ಮೂರು: ನಿಜವಾದ ದೇವದೂತ ಬಂದ. (ಇದನ್ನು ಬರೆಯಲು ಲಿಯೋನೆಲನಷ್ಟು ಭಂಡತನ ಬೇಕು.)

ಮುಗಿಸುವುದಿಲ್ಲ. ಆ ಸಂಜೆ ಆದದ್ದಿಷ್ಟು: ಡೆನಿಸ್ ತಡೆಯಲಾರದೆ ನಕ್ಕ, ಲಿಯೋನೆಲನೂ ನಕ್ಕ. ಆಗ ಆಚೆಯಿಂದ ಮ್ಯಾಗ್ಡಲಿನ್ ಅಂದಳು: "ಗಂಡಾ ಹೆಣ್ಣಾ ಅಂತ ಫಾದರೂ ಕೇಳಲಿಲ್ಲ. ಮೇಲಿನವರಿಗೂ ಗೊತ್ತಿಲ್ಲ ನೋಡು."

ಹೇಳುತ್ತ ನಗತೊಡಗಿದಳು. ಇಬ್ಬರಿಗಿಂತ ಜೋರಾಗಿ, ಗೋಡೆಯ ಎರಡೂ ಬದಿಗೆ ಕೇಳುವ ಹಾಗೆ. ಡೆನಿಸ್ ನಗು ನಿಲ್ಲಿಸಿದ. ಲಿಯೋನೆಲ್ ನಿಲ್ಲಿಸಿದ. ಅವಳು ನಿಲ್ಲಿಸಲಿಲ್ಲ