ಒಂದೇ ಸಲಕ್ಕೆ ತೆರೆಯುವ ಗೇಟು

ಆ ಮನೆಯ ಗೇಟು ಮಹಾ ಹಟಮಾರಿ. ಕೀಲು ಸವೆದು ಒಂದು ಪಕ್ಕಕ್ಕೆ ಜೋತುಬಿದ್ದಿದ್ದರಿಂದ ಚಿಲಕವನ್ನು ಸುಮ್ಮನೆ ಎಳೆದರೆ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಬಲಗೈಯಲ್ಲಿ ಗೇಟನ್ನು ತುಸು ಮೇಲಕ್ಕೆತ್ತಿ, ಮೊಣಕಾಲಿನಿಂದ ಒತ್ತಿ, ಅದೇ ಉಸಿರಿನಲ್ಲಿ ಎಡಗೈಯಿಂದ ಚಿಲಕ ಸರಿಸಬೇಕು. ಮನೆಯವರಿಗೆ ಅದು ನಡೆದಾಡುವಷ್ಟೇ ಸಲೀಸು. ಹೊರಗಿನವರು ಮಾತ್ರ ಗಡಗಡ ಅಲ್ಲಾಡಿಸಿ, ಸುಸ್ತಾಗಿ, ಬೀದಿಯಿಂದಲೇ ಕೂಗು ಹಾಕುತ್ತಿದ್ದರು. ಹಾಲಿನವನು ಅದರ ಸಹವಾಸವೇ ಬೇಡವೆಂದು ಪೊಟ್ಟಣವನ್ನು ಸರಳಿಗೆ ನೇತುಹಾಕಿ ಹೋಗುತ್ತಿದ್ದ. ಗುಬ್ಬಿಯ ಸೋದರಮಾವನಂತೂ ತಲೆ ನರೆತರೂ ಆ ವಿದ್ಯೆ ಕಲಿಯಲಿಲ್ಲ.

“ಅಕ್ಕಾ, ನಿನ್ನ ಗೇಟು ಈ ಜನ್ಮದಲ್ಲಿ ನನಗೆ ಒಲಿಯಲ್ಲ ಕಣಕ್ಕಾ! ಬಂದು ತೆಗಿ!”

ಗುಬ್ಬಿ ಎನ್ನುವುದು ಅಣ್ಣ ಇಟ್ಟ ಹೆಸರು. ಚಿಕ್ಕಂದಿನಲ್ಲಿ ತಂಗಿ ತಿನ್ನುತ್ತಿದ್ದದ್ದು ಗುಬ್ಬಿಯಷ್ಟು, ಮಾತಾಡುತ್ತಿದ್ದದ್ದು ಅದಕ್ಕಿಂತ ಕಡಿಮೆ. ಅಣ್ಣ ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಒಂದು ದಿನ ಊಟದ ತಟ್ಟೆಯ ಮುಂದೆ ಅಪ್ಪನಿಗೂ ಅವನಿಗೂ ಮಾತಿಗೆ ಮಾತು ಬೆಳೆಯಿತು. ಕೈ ಕೂಡ ತೊಳೆಯದೆ ಚೀಲ ಹೆಗಲಿಗೇರಿಸಿಕೊಂಡು ಹೋದವನು ಮೊದಮೊದಲು ಫೋನು ಮಾಡುತ್ತಿದ್ದ, ಆಮೇಲೆ ಅದೂ ನಿಂತಿತು. ಅಪ್ಪ ತೀರಿಕೊಂಡಾಗ ತಿಳಿಸೋಣವೆಂದರೆ ವಿಳಾಸವೂ ಇರಲಿಲ್ಲ. ಅಮ್ಮ ಅವನ ಸುದ್ದಿ ತೆಗೆಯುತ್ತಿರಲಿಲ್ಲ. ಅಮ್ಮ ತೆಗೆಯದಿದ್ದರೆ ಗುಬ್ಬಿ ತೆಗೆಯುವ ಪ್ರಶ್ನೆಯೇ ಇಲ್ಲ. ಹೀಗೆ ಇಬ್ಬರೂ ಒಂದೇ ಸೂರಿನಡಿ ಬಾಯಿಗೆ ಬೀಗ ಹಾಕಿಕೊಂಡು ವರ್ಷಗಳನ್ನು ಕಳೆದಿದ್ದರು.

ಮನೆ ಮಾರುವ ಮಾತು ಬಂದದ್ದು ಅಮ್ಮ ಮೆಟ್ಟಿಲ ಮೇಲಿಂದ ಜಾರಿಬಿದ್ದ ಮೇಲೆ. ಅಡುಗೆಮನೆ ಕೆಳಗೆ, ಮಲಗುವ ಕೋಣೆಗಳು ಮೇಲೆ. ಊದಿದ ಮಂಡಿ ಇಟ್ಟುಕೊಂಡು ಹತ್ತಿಳಿಯುವುದು ಎಲ್ಲಿಯ ಮಾತು? ಮೊದಲಾದರೆ “ನನ್ನ ಹೆಣ ಇಲ್ಲಿಂದಲೇ ಹೋಗ್ಲಿ” ಎಂದು ಮಾವನ ಬಾಯಿ ಮುಚ್ಚಿಸುತ್ತಿದ್ದ ಅಮ್ಮ, ಈ ಸಲ ಒಪ್ಪಿ ತಲೆಯಾಡಿಸಿದಳು.

ಮಾವ ಆ ಕ್ಷಣದಿಂದಲೇ ಎಂಜಿನಿಯರ್ ಆಗಿಬಿಟ್ಟ. “ನೋಡು ಗುಬ್ಬಿ, ಗೋಡೆ ಒಡೆಯೋದು ಕಟ್ಟೋದು ಏನೂ ಬೇಡ. ಸಣ್ಣಪುಟ್ಟದ್ದು ನಾವೇ ಮಾಡ್ಕೊಂಡ್ರೆ ಮನೆಗೆ ಕಳೆ ಬರುತ್ತೆ, ಬೆಲೆನೂ ಬರುತ್ತೆ. ನಾನು ಹೇಳ್ತೀನಿ, ನೀನು ಮಾಡು.”

“ನೀವು ಹೇಳೋದು ಮಾತ್ರನಾ ಮಾವ?”

“ಮತ್ತೆ? ಎಂಜಿನಿಯರ್ ಎಲ್ಲಾದ್ರೂ ಬ್ರಷ್ ಹಿಡೀತಾನಾ?”

ಗುಬ್ಬಿಗೆ ಅದೇ ಬೇಕಿತ್ತು. ಬ್ರಷ್ಷಿನ ಜೊತೆ ಮಾತಾಡಬೇಕಾಗಿಲ್ಲ. ಗೋಡೆಯ ಬಿರುಕಿಗೆ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಮರಳು ಕಾಗದದಿಂದ ತಿಕ್ಕಿ ನುಣ್ಣಗೆ ಮಾಡಿದಳು. ಬಚ್ಚಲಿನ ಟೈಲುಗಳ ಸಂದಿಯಲ್ಲಿ ಕೂತಿದ್ದ ಕಪ್ಪನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಿತ್ತಳು. ತೊಟ್ಟಿಕ್ಕುತ್ತಿದ್ದ ನಲ್ಲಿಗೆ ಹೊಸ ವಾಷರು, ಅಡುಗೆಮನೆಯ ಕಪಾಟುಗಳಿಗೆ ಹೊಸ ಹಿಡಿಕೆ. ಅವಳಿಗೆ ದಿಗಿಲಿದ್ದದ್ದು ಒಂದೇ, ಅಣ್ಣನ ಕೋಣೆ. ಅವನು ಹಠ ಹಿಡಿದು ಬಳಿಸಿಕೊಂಡಿದ್ದ ಕಡುನೀಲಿಯನ್ನು ನೋಡಿದರೆ ಗಿರಾಕಿ ಓಡಿಹೋಗುತ್ತಾನೆಂದು ಮಾವನ ತೀರ್ಪಾಗಿತ್ತು. ಎರಡು ಸಲ ಬಿಳಿ ಬಳಿದರೂ ನೀಲಿ ಒಳಗಿಂದ ಇಣುಕಿತು. ಮೂರನೆಯ ಸಲಕ್ಕೆ ಅಡಗಿತು. ಅಮ್ಮ ಸರಳು ಹಿಡಿದು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಗುಬ್ಬಿ ಬ್ರಷ್ಷನ್ನು ಡಬ್ಬದ ಮೇಲಿಟ್ಟು ತಿರುಗಿದಳು.

“ಕೋಣೆ ದೊಡ್ಡದಾಗಿ ಕಾಣುತ್ತೆ ಕಣೇ,” ಎಂದಳು ಅಮ್ಮ. ಅಷ್ಟೇ.

ದೊಡ್ಡ ಕಂಟಕ ಕಳೆಯಿತೆಂದುಕೊಂಡು ಗುಬ್ಬಿ ಗೇಟಿಗೆ ಕೈ ಹಾಕಿದಳು.

“ಗಿರಾಕಿ ಮೊದಲು ಮುಟ್ಟೋದೇ ಗೇಟನ್ನ. ಅದೇ ಮುಖ ತಿರುಗಿಸಿದ್ರೆ ಒಳಗೆ ಅರಮನೆ ಇದ್ದು ಏನು?” ಎಂದು ಮಾವ ಹೇಳುತ್ತಲೇ ಇದ್ದ. ಅದರಲ್ಲಿ ಅವನ ಸ್ವಂತ ಸೇಡೂ ಇತ್ತೆನ್ನಿ. ಹಾರ್ಡ್‌ವೇರ್ ಅಂಗಡಿಯವನು ಗೇಟಿನ ಕಥೆ ಕೇಳಿ ನಕ್ಕ. “ಅದಕ್ಕೂ ನಿಮ್ಮಮ್ಮನ ಹಾಗೆ ಮಂಡಿ ಹೋಗಿದೆ ಬಿಡಮ್ಮ. ವಾಷರ್ ಹಾಕಿ ಎತ್ತಿಬಿಡು.”

ಅಮ್ಮ ವೈದ್ಯರ ಬಳಿಗೆ ಹೋಗಿದ್ದ ಹೊತ್ತಿನಲ್ಲಿ, ಪಕ್ಕದ ಮನೆಯವರನ್ನು ಕರೆದು ಗೇಟನ್ನು ಕೀಲಿನಿಂದ ಎತ್ತಿಸಿ, ಕೆಳಗೆ ದಪ್ಪನೆಯ ವಾಷರುಗಳನ್ನು ತೂರಿಸಿದಳು. ಹಳೆಯ ಚಿಲಕ ಬಿಚ್ಚಿ ಹೊಸದು ಕೂರಿಸಿ, ಎಣ್ಣೆ ಬಿಟ್ಟಳು. ಬೆರಳಲ್ಲಿ ಮುಟ್ಟಿದರೆ ಸಾಕು, ‘ಟಕ್’ ಎಂದು ತೆರೆದುಕೊಂಡಿತು. ಅವಳಿಗೆ ತನ್ನ ಕೈಯ ಮೇಲೆ ತನಗೇ ಪ್ರೀತಿ ಬಂತು. ಕೊನೆಗೆ ಗೇಟಿಗೆ ಬಣ್ಣವನ್ನೂ ಬಳಿದಳು. ಅಮ್ಮ ಆಟೋ ಇಳಿದು ಬರುವಾಗ ಗೇಟು ಪೂರ್ತಿ ತೆರೆದೇ ಇತ್ತು. ಬಣ್ಣ ಹಸಿಯಿದೆ, ಮುಟ್ಟಬೇಡ ಎಂದಳು ಗುಬ್ಬಿ. ಅಮ್ಮ ಸೆರಗು ಒತ್ತರಿಸಿಕೊಂಡು ಒಳಗೆ ಬಂದಳು.

ಸಂಜೆ ಅಮ್ಮ ಒಲೆಯ ಮುಂದೆ ನಿಂತಿದ್ದಳು, ಗುಬ್ಬಿ ತರಕಾರಿ ಹೆಚ್ಚುತ್ತಿದ್ದಳು. ಹೊರಗೆ ‘ಟಕ್’ ಎಂದು ಗೇಟು ತೆರೆಯಿತು. ಗಡಗಡವಿಲ್ಲ, ಕೂಗಿಲ್ಲ. ಒಂದೇ ಸಲಕ್ಕೆ.

ಅಮ್ಮನ ಕೈಯಿಂದ ಸೌಟು ಜಾರಿತು. ಮಂಡಿಯನ್ನೂ ಮರೆತು, ಗೋಡೆ ಹಿಡಿಯದೆ, ಗುಬ್ಬಿ ಎಷ್ಟೋ ವರ್ಷದಿಂದ ಕಾಣದ ನಡಿಗೆಯಲ್ಲಿ ಅಮ್ಮ ಬಾಗಿಲಿಗೆ ಹೋದಳು. ಹಿಂದೆ ಓಡಿದ ಗುಬ್ಬಿಗೆ ಅವಳ ಅರ್ಧ ಮುಖ ಕಂಡಿತು. ಆ ಮುಖದಲ್ಲಿ ಅಷ್ಟು ಬೆಳಕಿತ್ತು.

“ಒಲಿದುಬಿಟ್ಲು ಅಕ್ಕಾ, ಒಲಿದುಬಿಟ್ಲು!” ಮಾವ ಎರಡೂ ಕೈ ಮೇಲೆತ್ತಿಕೊಂಡು ಅಂಗಳದಲ್ಲಿ ನಿಂತಿದ್ದ.

“ನೀನಾ,” ಎಂದಳು ಅಮ್ಮ. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಂಡಿ ನೋವು ಆಗ ನೆನಪಾಯಿತೇನೋ.

ಗುಬ್ಬಿಗೆ ಆಗ ಹೊಳೆಯಿತು. ಆ ಗೇಟನ್ನು ಒಂದೇ ಸಲಕ್ಕೆ ತೆಗೆಯಬಲ್ಲವರು ಲೋಕದಲ್ಲಿ ನಾಲ್ಕೇ ಜನ ಇದ್ದರು. ಅಪ್ಪ ಇಲ್ಲ. ಅಮ್ಮನೂ ತಾನೂ ಒಳಗಿದ್ದಾರೆ. ಉಳಿದವನು ಒಬ್ಬನೇ. ಗೇಟು ಗಡಗಡ ಅಂದಷ್ಟು ಹೊತ್ತೂ ಅಮ್ಮ ತಲೆಯೆತ್ತದೆ ಈರುಳ್ಳಿ ಹೆಚ್ಚುತ್ತಿದ್ದದ್ದು, ರಿಪೇರಿ ಅಂದಾಗಲೆಲ್ಲ “ಇರಲಿ ಬಿಡು, ಕಳ್ಳರಿಗೂ ತೆಗೆಯೋಕೆ ಬರಲ್ಲ” ಎಂದು ತೇಲಿಸುತ್ತಿದ್ದದ್ದು, ಎಲ್ಲ ಈಗ ಒಂದಕ್ಕೊಂದು ಕೂಡಿಕೊಂಡವು.

ಆ ವಾರವೆಲ್ಲ ಅದೇ ಆಯಿತು. ಹಾಲಿನವನು ಖುಷಿಯಿಂದ ಬಾಗಿಲವರೆಗೆ ಬಂದ. ದಲ್ಲಾಳಿ ಬಂದ. ಮೀಟರು ನೋಡುವವನು ಬಂದ. ಎಲ್ಲರಿಗೂ ಗೇಟು ‘ಟಕ್’ ಎಂದು ತೆರೆಯಿತು, ಪ್ರತಿ ಸಲವೂ ಅಮ್ಮ ಎದ್ದಳು. ಹೊಸ ಚಿಲಕವೆಂದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ತಡೆಯಲಾರದೆ ಗುಬ್ಬಿ ಹಳೆಯ ಚಿಲಕವನ್ನು ಹಿತ್ತಿಲಿನ ಗುಜರಿಯಿಂದ ಹೆಕ್ಕಿ ತಂದಳು. “ಅಮ್ಮ, ಇದನ್ನೇ ಮತ್ತೆ ಹಾಕ್ತೀನಿ. ವಾಷರ್ ತೆಗೆದ್ರೆ ಮೊದಲಿನ ಹಾಗೇ ಆಗುತ್ತೆ.”

ಅಮ್ಮ ತುಕ್ಕು ಹಿಡಿದ ಚಿಲಕವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. “ಹಾಕಿ?”

“ನೀನು... ಸುಮ್ಸುಮ್ನೆ ಏಳೋದು ತಪ್ಪುತ್ತೆ.”

“ಮನೇನೇ ಕೊಡ್ತಾ ಇದೀವಿ. ಇನ್ನು ಚಿಲಕಕ್ಕೆ ಅಳ್ತಾರೇನೇ?” ಎಂದಳು ಅಮ್ಮ. ಮೂಗು ಒರೆಸಿಕೊಂಡು, “ಚೆನ್ನಾಗಿ ಮಾಡಿದೀಯ. ನಿಮ್ಮಪ್ಪನ ಕೈಲಿ ಆಗಿರ್ಲಿಲ್ಲ,” ಎಂದು ಸೇರಿಸಿದಳು. ಆ ಹೊಗಳಿಕೆ ಗುಬ್ಬಿಗೆ ಬೈದಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಭಾನುವಾರ ಮನೆ ನೋಡಲು ಗಂಡ ಹೆಂಡತಿ ಬಂದರು. ಮಾವ ಅವರ ಹಿಂದೆಯೇ ಇದ್ದ. ‘ಟಕ್.’ ಅವರು ಗಂಟೆ ಒತ್ತುವ ಮೊದಲೇ ಅಮ್ಮ ಬಾಗಿಲು ತೆರೆದು ನಿಂತಿದ್ದಳು, ಅದೇ ಬೆಳಕಿನ ಮುಖದಲ್ಲಿ. ಅದು ಆರುವ ಮುಂಚೆಯೇ ಗಂಡನ ಪಕ್ಕದಲ್ಲಿದ್ದ ಹುಡುಗಿ ನೋಡಿಬಿಟ್ಟಿದ್ದಳು.

ಅವರು ಗೋಡೆ ತಟ್ಟಿದರು, ನಲ್ಲಿ ತಿರುಗಿಸಿದರು, ಬಿಳಿಯ ಕೋಣೆಯಲ್ಲಿ ತೊಟ್ಟಿಲು ಎಲ್ಲಿಡುವುದೆಂದು ಪಿಸುಗುಟ್ಟಿಕೊಂಡರು. ಹೊರಡುವಾಗ ಹುಡುಗಿ ಅಮ್ಮನ ಕೈ ಹಿಡಿದಳು. “ಎಷ್ಟೋ ಮನೆ ನೋಡಿದ್ವಿ ಅಮ್ಮ. ನೀವು ನಮಗೋಸ್ಕರಾನೇ ಕಾಯ್ತಾ ಇದ್ದೋರ ಹಾಗೆ ಬಾಗಿಲಿಗೆ ಬಂದ್ರಲ್ಲ, ಆಗಲೇ ನಂಗೆ ಇದೇ ಮನೆ ಅನ್ನಿಸಿಬಿಡ್ತು.”

“ಹೂಂ,” ಎಂದಳು ಅಮ್ಮ. “ಕಾಯ್ತಾ ಇದ್ದೆ.”

ಮಾವ ಅವರನ್ನು ಬೀಳ್ಕೊಡಲು ಬೀದಿಯ ಕೊನೆಯವರೆಗೆ ಹೋದ. ಗೇಟು ಸದ್ದಿಲ್ಲದೆ ಮುಚ್ಚಿಕೊಂಡಿತು. ಅಮ್ಮ ಅಂಗಳಕ್ಕಿಳಿದು, ಹೊಸ ಚಿಲಕವನ್ನು ಮೊದಲ ಸಲ ಮುಟ್ಟಿ, ಒಮ್ಮೆ ಸರಿಸಿ ಮತ್ತೆ ಹಾಕಿದಳು.

“ಗುಬ್ಬಿ, ಇದು ಅವನಿಗೆ ತೆಗೆಯೋಕೆ ಬರುತ್ತೇನೇ?”

ಇಷ್ಟು ವರ್ಷಗಳಲ್ಲಿ ಅವಳು ಅವನ ಬಗ್ಗೆ ಕೇಳಿದ ಮೊದಲ ಮಾತು ಅದು.

“ಯಾರಿಗಾದ್ರೂ ಬರುತ್ತಮ್ಮ.”

“ಹೂಂ,” ಎಂದಳು ಅಮ್ಮ. “ಈಗ ಯಾರಿಗಾದ್ರೂ ಬರುತ್ತೆ.”