ಟೈಲರಣ್ಣನ ತೋರುಬೆರಳು

ಟೈಲರಣ್ಣ ಹಿತ್ತಲಿನಿಂದ ಬಂದರೆ ಮನೆಯೊಳಗೆ ಮೊದಲು ಗೊಬ್ಬರದ ವಾಸನೆ ಬರುತ್ತಿತ್ತು, ಹಿಂದೆಯೇ ಅವನು. ಕೈ ತೊಳೆಯುವುದೆಂದರೆ ಅವನ ಲೆಕ್ಕದಲ್ಲಿ ಎರಡೂ ಅಂಗೈಯನ್ನು ಪ್ಯಾಂಟಿಗೆ ಪಟಪಟ ಬಡಿದುಕೊಳ್ಳುವುದು. ಹಾಗೇ ಬಂದು ತಟ್ಟೆಯ ಮುಂದೆ ಕೂರುತ್ತಿದ್ದ.

"ರೀ, ಆ ಉಗುರು ನೋಡ್ಕೊಳ್ಳಿ. ಅದರೊಳಗೇ ಒಂದು ಗಿಡ ನೆಡಬಹುದು," ಅಂತ ಹೆಂಡತಿ ಗೊಣಗುತ್ತಿದ್ದಳು.

"ನೆಡು. ನೀರು ಹಾಕೋದು ಮಾತ್ರ ನಿನ್ನ ಕೆಲಸ," ಅಂತ ಅವನು ನಗುತ್ತಿದ್ದ. ಅವಳೂ ನಕ್ಕು ಬಡಿಸುತ್ತಿದ್ದಳು.

ಅವನ ಕೈಗುಣ ಬೀದಿಗೆಲ್ಲ ಗೊತ್ತಿತ್ತು. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ, ಹಿಂದೆ ನಾಲ್ಕು ಹೆಜ್ಜೆಯ ಹಿತ್ತಲು. ಅಲ್ಲಿ ಟೊಮೇಟೊ, ಮೆಣಸಿನ ಗಿಡ, ಗೋಡೆಗೆ ಒರಗಿದ ಗುಲಾಬಿ. ಹೊಲಿದು ಕತ್ತು ಹಿಡಿದಾಗಲೆಲ್ಲ ಎದ್ದು ಹೋಗಿ ಮಣ್ಣು ಕೆದಕುತ್ತಿದ್ದ. ಸಕ್ಕರೆ ಕಾಯಿಲೆ ಬಂದ ಮೇಲಂತೂ ಡಾಕ್ಟರು ಓಡಾಡು ಅಂದಿದ್ದಾರೆ ಅನ್ನೋ ನೆಪವೂ ಸಿಕ್ಕಿತ್ತು.

ಒಂದು ಬೆಳಿಗ್ಗೆ ಗುಲಾಬಿಯ ಬುಡಕ್ಕೆ ಗೊಬ್ಬರ ಹಾಕುವಾಗ ಮುಳ್ಳೊಂದು ಬಲಗೈಯ ತೋರುಬೆರಳಿಗೆ ಆಳಕ್ಕೆ ನಾಟಿತು. ಕಿತ್ತು ಬಿಸಾಕಿ, ಬೆರಳನ್ನು ಬಾಯಲ್ಲಿಟ್ಟು ಚೀಪಿ, ರಕ್ತ ನಿಲ್ಲಲಿ ಅಂತ ಒಂದು ಚಿಟಿಕೆ ಮಣ್ಣು ಒತ್ತಿದ. ಪಕ್ಕದ ಮನೆಯ ನರ್ಸಮ್ಮ ಗೋಡೆಯಾಚೆ ಬಟ್ಟೆ ಹರವುತ್ತಿದ್ದಳು. ಕೈಲಿದ್ದ ಬಟ್ಟೆ ಹಾಗೇ ಬಿಟ್ಟಳು.

"ಅಣ್ಣಾ, ಗಾಯಕ್ಕೆ ಮಣ್ಣು ಹಾಕ್ತಾರಾ ಯಾರಾದ್ರೂ? ನಲ್ಲಿ ಬಿಟ್ಟು ಸೋಪು ಹಾಕಿ ತೊಳೀರಿ ಮೊದಲು."

"ಅಯ್ಯೋ ತಾಯಿ, ಈ ಬೆರಳಿಗೆ ಸೂಜಿ ಚುಚ್ಚದ ದಿನ ಯಾವುದು?"

"ಸೂಜಿ ಬೇರೆ, ಗೊಬ್ಬರ ಮೆತ್ತಿದ ಮುಳ್ಳು ಬೇರೆ. ಅದರ ಮೇಲೆ ನಿಮಗೆ ಸಕ್ಕರೆ ಕಾಯಿಲೆ. ಗಾಯ ಬೇಗ ಮಾಯಲ್ಲ. ಧನುರ್ವಾಯು ಇಂಜೆಕ್ಷನ್ ಯಾವಾಗ ತಗೊಂಡಿದ್ರಿ?"

"ಮದುವೆಗೆ ಮುಂಚೆ ತಗೊಂಡಿರಬೇಕು. ಆಮೇಲೆ ಇವಳೇ ಚುಚ್ತಾ ಇದ್ದಾಳಲ್ಲ!"

ಅಡುಗೆಮನೆ ಬಾಗಿಲಲ್ಲಿದ್ದ ಹೆಂಡತಿಗೂ ನಗು ಬಂತು. ನರ್ಸಮ್ಮ ನಗಲಿಲ್ಲ. "ಅತ್ತಿಗೆ, ನೀವಾದ್ರೂ ಹೇಳಿ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ," ಅಂದಳು. "ಆಯ್ತಮ್ಮ" ಅಂದಳು ಇವಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಒಳಗೆ ಓಡಿದವಳಿಗೆ ಆ ಮಾತು ಮರೆತೇ ಹೋಯಿತು.

ಮಾರನೆಯ ದಿನ ಬೆರಳಿನ ತುದಿ ಕೆಂಪಾಗಿ ಉಬ್ಬಿತ್ತು. ಮುಳ್ಳಿನ ತುದಿ ಮುರಿದು ಒಳಗೇ ಉಳಿದಿದೆ ಅಂತ ಅವನು ಯಂತ್ರದ ಡಬ್ಬಿಯಿಂದ ಸೂಜಿ ತೆಗೆದು ಕೆದಕಿದ. ಕಾಣಲಿ ಅಂತ ಅವಳೇ ಟಾರ್ಚು ಹಿಡಿದಳು. ಮುಳ್ಳು ಬರಲಿಲ್ಲ.

"ನಡೀರಿ, ನರ್ಸಮ್ಮನ ಹತ್ರ ಹೋಗೋಣ."

"ಶಾಲೆ ಯೂನಿಫಾರ್ಮ್ ರಾಶಿ ಬಿದ್ದಿದೆ. ಮುಗೀಲಿ, ಹೋಗೋಣ."

ಅವನು ಹೊಲಿಯುತ್ತಲೇ ಇದ್ದ. ನೋವು ದಬದಬ ಬಡಿದಾಗ ಕೈಯನ್ನು ತಲೆಯ ಮೇಲೆತ್ತಿ ಸ್ವಲ್ಪ ಹೊತ್ತು ಕೂತು ಮತ್ತೆ ಶುರುಮಾಡುತ್ತಿದ್ದ. ಒಂದು ಮಧ್ಯಾಹ್ನ ಇಸ್ತ್ರಿಗೆ ಅಂಗಿ ತೆಗೆದವಳಿಗೆ ಬಿಳಿ ಕಾಲರಿನ ಮೇಲೆ ಹಳದಿ ಕಲೆ ಕಂಡಿತು. ಮೂಗಿನ ಹತ್ತಿರ ತಂದಳು. ಕೀವು. ಗಿರಾಕಿಗೆ ಗೊತ್ತಾದರೆ ಮಾನ ಹೋಗುತ್ತೆ ಅಂತ ಸೋಪು ಹಚ್ಚಿ, ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ಕಲೆ ತೆಗೆದಳು. ಕಾಲರು ಬೆಳ್ಳಗಾಯಿತು. ಆ ಸೋಪು ಮೊದಲು ಬೀಳಬೇಕಿದ್ದದ್ದು ಗಂಡನ ಕೈ ಮೇಲೆ ಅಂತ ಆಗ ಹೊಳೆಯಲಿಲ್ಲ.

ಮರುದಿನ ಅವನು ಎದ್ದೇಳಲಿಲ್ಲ. ಮೈ ಕಾದ ಹೆಂಚಿನಂತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಅಂಗಿಯ ತೋಳು ಸರಿಸಿ ನೋಡಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಗೆರೆ ಏರಿತ್ತು. ಗೋಡೆಯ ಹತ್ತಿರ ಓಡಿ ನರ್ಸಮ್ಮನನ್ನು ಕೂಗಿದಳು.

ನರ್ಸಮ್ಮ ನೋಡಿದವಳೇ ಮುಖ ಬಿಗಿ ಮಾಡಿಕೊಂಡಳು. "ನಂಜು ಮೇಲೇರ್ತಿದೆ ಅತ್ತಿಗೆ. ಒಂದು ನಿಮಿಷ ಕಾಯೋ ಹಾಗಿಲ್ಲ. ಗಾಡಿಗೆ ಹೇಳಿ."

ದೊಡ್ಡಾಸ್ಪತ್ರೆಯ ಡಾಕ್ಟರು ಕೊಯ್ದು ಕೀವು ತೆಗೆದರು, ಔಷಧಿ ನರಕ್ಕೆ ಹಾಕಿದರು. ಜೀವಕ್ಕೆ ಅಪಾಯ ಕಳೆಯಿತು. ಆದರೆ ಬೆರಳು ಕಪ್ಪಾಗುತ್ತಲೇ ಹೋಯಿತು. ಡಾಕ್ಟರು ಅವಳನ್ನು ವರಾಂಡಕ್ಕೆ ಕರೆದರು.

"ಮೂಳೆಗೆ ಇಳಿದಿದೆ ಅಮ್ಮಾ. ಬೆರಳು ತೆಗೀದಿದ್ರೆ ಕೈ ಹೋಗುತ್ತೆ."

"ಅವರು ಟೈಲರ್, ಸಾರ್," ಅಂದಳು.

ಡಾಕ್ಟರು ತಲೆ ತಗ್ಗಿಸಿದರು. "ಮೊದಲ ದಿನವೇ ಬಂದಿದ್ರೆ ಇಷ್ಟಕ್ಕೆ ಬರ್ತಿರಲಿಲ್ಲ."

ಎಚ್ಚರವಾದಾಗ ಟೈಲರಣ್ಣ ಬ್ಯಾಂಡೇಜಿನ ಕಡೆ ನೋಡಲಿಲ್ಲ. ಗೋಡೆಗೆ ಮುಖ ಮಾಡಿಕೊಂಡೇ ಕೇಳಿದ, "ಬುಡದವರೆಗೂ ತೆಗೆದ್ರಾ?"

"ಹೂಂ."

ಮನೆಗೆ ಬಂದು, ಗಾಯ ಮಾಗಿ, ಕೊನೆಗೊಂದು ದಿನ ಕತ್ತರಿ ಹಿಡಿದ. ಕತ್ತರಿ ಜಾರಿತು. ಮತ್ತೆ ಹಿಡಿದ, ಬಟ್ಟೆ ಸೊಟ್ಟಗೆ ಹರಿಯಿತು. ಮೂರನೆಯ ಸಲ ಕತ್ತರಿಯನ್ನು ಗೋಡೆಗೆ ಬೀಸಿ ಎಸೆದ. ಅಷ್ಟು ವರ್ಷದಲ್ಲಿ ಅವನು ಏನನ್ನಾದರೂ ಎಸೆದದ್ದನ್ನು ಅವಳು ನೋಡಿರಲಿಲ್ಲ. ಅವಳು ಕತ್ತರಿ ಎತ್ತಿಕೊಂಡು ಮೇಜಿನ ಈಚೆ ನಿಂತಳು.

"ನೀವು ಬಾಯಲ್ಲಿ ಹೇಳಿ. ನಾನು ಕತ್ತರಿಸ್ತೀನಿ."

ಮೊದಲ ಅಂಗಿಯ ಎರಡೂ ತೋಳು ಎಡಗಡೆಯವೇ ಆದವು. ಇಬ್ಬರಿಗೂ ನಗು ಬರಲಿಲ್ಲ. ಬಿಚ್ಚಿ, ಬೇರೆ ಬಟ್ಟೆ ತಂದು ಮತ್ತೆ ಶುರುಮಾಡಿದರು. ಈಗ ಕೆಲಸ ನಡೆಯುತ್ತಿದೆ, ನಿಧಾನಕ್ಕೆ. ಹಳೆಯ ಗಿರಾಕಿಗಳಲ್ಲಿ ಎಷ್ಟೋ ಜನ ಬರುತ್ತಿಲ್ಲ.

ಒಂದು ಸಂಜೆ ಅವನೇ ನರ್ಸಮ್ಮನನ್ನು ಕರೆದ. "ಬಾಮ್ಮ, ಕೈ ಹೇಗೆ ತೊಳೀಬೇಕು ಅಂತ ಇವಳಿಗೂ ನನಗೂ ತೋರಿಸು. ಅವತ್ತು ನಿನ್ನ ಮಾತು ತಮಾಷೆಗೆ ತಗೊಂಡೆ."

ನರ್ಸಮ್ಮ ನಲ್ಲಿ ಬಿಟ್ಟಳು. "ಮಣ್ಣಿಗೆ ಕೈ ಹಾಕೋ ಮುಂಚೆ ದಪ್ಪ ಕೈಗವಸು ಹಾಕ್ಕೊಳ್ಳಿ ಅಣ್ಣಾ. ಉಗುರು ಗಿಡ್ಡಕ್ಕೆ ಇಟ್ಕೊಳ್ಳಿ. ಕೆಲಸ ಮುಗಿದ ತಕ್ಷಣ ಹರಿಯೋ ನೀರಲ್ಲಿ ಸೋಪು ಹಚ್ಚಿ, ಬೆರಳ ಸಂದಿ, ಉಗುರಿನ ಒಳಗೆಲ್ಲ ಉಜ್ಜಿ. ಸ್ವಚ್ಛ ಬಟ್ಟೆಯಲ್ಲಿ ಒರೆಸಿ ಸ್ವಲ್ಪ ಎಣ್ಣೆ ಸವರಿ, ಚರ್ಮ ಬಿರಿದ್ರೆ ಅಲ್ಲೇ ರೋಗ ನುಗ್ಗುತ್ತೆ. ಆಮೇಲೆ ಬೆಳಕಿಗೆ ಹಿಡಿದು ಗಾಯ ಇದೆಯಾ ನೋಡಿ."

ಟೈಲರಣ್ಣ ಬಲಗೈ ಚಾಚಿದ. ಹೆಂಡತಿ ಸೋಪು ಹಚ್ಚಿ ಒಂದೊಂದೇ ಬೆರಳು ಉಜ್ಜಿದಳು. ಬೋಳಾದ ಜಾಗಕ್ಕೆ ಬಂದಾಗ ಅವಳ ಕೈ ನಿಂತಿತು.

"ಅಲ್ಲೂ ಉಜ್ಜು," ಅಂದ ಅವನು. "ಈಗ ನೋಯಲ್ಲ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಹಿತ್ತಲೋ, ಕುಂಡದಲ್ಲಿ ನಾಲ್ಕು ಗಿಡವೋ ಇರಬಹುದು. ಮಣ್ಣು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಬಾಯಿಗೆ, ಮಗುವಿಗೆ, ಊಟಕ್ಕೆ ಮುಟ್ಟಿಸಬೇಡಿ. ಮುಳ್ಳು ಚುಚ್ಚಿದರೆ ಮಣ್ಣು ಒತ್ತಬೇಡಿ, ಸೂಜಿಯಲ್ಲಿ ಕೆದಕಬೇಡಿ. ತೊಳೆದು, ಸ್ವಚ್ಛ ಬಟ್ಟೆ ಕಟ್ಟಿ, ಧನುರ್ವಾಯು ಇಂಜೆಕ್ಷನ್ ಬೇಕಾ ಅಂತ ಆಸ್ಪತ್ರೆಯಲ್ಲಿ ಕೇಳಿ. ಊದಿಕೊಂಡರೆ, ಕೀವಾದರೆ, ಜ್ವರ ಬಂದರೆ, ಕೆಂಪು ಗೆರೆ ಮೇಲೇರಿದರೆ ತಡಮಾಡದೆ ಹೊರಡಿ. ಸಕ್ಕರೆ ಕಾಯಿಲೆ ಇದ್ದವರು ಊತಕ್ಕೂ ಕಾಯಬೇಡಿ. ಕೈಲಿರುವ ಕೆಲಸ ನಾಳೆಯೂ ಮಾಡಬಹುದು, ಕೈ ಇದ್ದರೆ.